ಸೊಟ್ಟ ಪಾದ ನೆಟ್ಟಗಾದ ಕಥೆ



ಪ್ರತಿ ವರ್ಷ ನಮ್ಮ ಸಂಚಿಕೆಗೆ ಅಡುಗೆಯ ಬಗ್ಗೆಯೋ ಪ್ರವಾಸದ ಬಗ್ಗೆಯೋ ಬರೆದುಕೊಡುತ್ತಿದ್ದ ನಾನು ಈ ಸಲ ಒಂದು ಚಿಕಿತ್ಸೆಯ ಇತಿಹಾಸ ಬರೆಯಲು ಕೂತಿದ್ದೇನೆ. ನಾನು ವೈದ್ಯೆಯಲ್ಲ. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಆದರೂ ಇದನ್ನು ಬರೆಯಲು ಎರಡು ಕಾರಣಗಳಿವೆ. ಒಂದು, ನಮ್ಮ ಸೋದರತ್ತೆ. ಇನ್ನೊಂದು, ರಾವೇತದಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಒಂದು ಕೂಸು.

ಸೋದರತ್ತೆ ವಿಜಾಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದರು. ಹುಟ್ಟಿದಾಗಲೇ ಬಲಗಾಲಿನ ಪಾದ ಒಳಕ್ಕೆ ತಿರುಗಿಕೊಂಡು, ಹಿಮ್ಮಡಿ ಮೇಲಕ್ಕೆ ಸೆಳೆದುಕೊಂಡು, ಅಂಗಾಲು ಇನ್ನೊಂದು ಕಾಲನ್ನು ನೋಡುವಂತಿತ್ತಂತೆ. ಬೆಳೆಯುತ್ತಾ ಪಾದದ ಹೊರ ಅಂಚಿನ ಮೇಲೆ ಊರಿ ನಡೆಯಲು ಕಲಿತರು. ಅಲ್ಲಿ ಚರ್ಮ ದಡ್ಡುಗಟ್ಟಿ, ಬೇಸಿಗೆಯಲ್ಲಿ ಬಿರಿದು ರಕ್ತ ಒಸರುತ್ತಿತ್ತು. ಚಪ್ಪಲಿ ಹೊಲಿಯುವವನು ಎರಡು ಕಾಲಿಗೆ ಎರಡು ಆಕಾರದ ಚಪ್ಪಲಿ ಮಾಡಿಕೊಡುತ್ತಿದ್ದ. ಅತ್ತೆಗೆ ಮದುವೆಯಾಗಲಿಲ್ಲ. ಊರಿನವರು ಎದುರಿಗೆ 'ಅಕ್ಕಾ' ಎನ್ನುತ್ತಿದ್ದರು, ಹಿಂದಿನಿಂದ 'ಕುಂಟಿ'. ನನಗೆ ಏಳು ವರ್ಷವಿದ್ದಾಗ ಅಣ್ಣತಮ್ಮಂದಿರನ್ನು ನಗಿಸಲು ಅವರ ಹಾಗೆ ನಡೆದು ತೋರಿಸಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬೈಯಲಿಲ್ಲ. ಒಳಗೆ ಹೋಗಿ ಅಂಟಿನ ಉಂಡಿ ತಂದು ಕೈಗಿಟ್ಟರು. ಆ ಉಂಡಿ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

ನಮ್ಮಜ್ಜಿಯಂತೂ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದರು: "ಗ್ರಹಣದಾಗ ನಾ ಹೊರಗ ಬಂದಿದ್ನಿ, ಅದಕ್ಕ ಹಿಂಗಾತು."

ಹನ್ನೊಂದು ದಿನದ ಕೂಸು

ಈಗ 2017ರ ಮಳೆಗಾಲಕ್ಕೆ ಬರೋಣ. ನಮ್ಮ ಸೊಸೈಟಿಯ ಹಿಂದೆ ದೊಡ್ಡ ಕಟ್ಟಡ ಏಳುತ್ತಿತ್ತು. ತಗಡಿನ ಶೆಡ್ಡುಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಎಷ್ಟೋ ಸಂಸಾರಗಳಿದ್ದವು. ತರಕಾರಿ ಗಾಡಿಯ ಹತ್ತಿರ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಒಬ್ಬಳು ಬಾಣಂತಿ ಮಳೆಯಲ್ಲೇ ಓಡಿಬಂದಳು.

"ಅವ್ವಾರ, ನೀವು ನಮ್ ಕಡೀಯವರ ಏನ್ರಿ? ಈ ಕೂಸಿನ ಕಾಲ್ ನೋಡ್ರಿ."

ಸೀರೆಯ ಸೆರಗು ಸರಿಸಿದಳು. ಎರಡೂ ಪಾದಗಳು ಒಳಕ್ಕೆ ಮಡಚಿಕೊಂಡಿದ್ದವು. ಅತ್ತೆಯ ಪಾದ ಹುಟ್ಟಿದಾಗ ಹೇಗಿತ್ತು ಎಂಬುದನ್ನು ನಾನು ಮೊದಲ ಸಲ ಕಣ್ಣಾರೆ ಕಂಡೆ.

ಮರುದಿನ ಅವಳೊಂದಿಗೆ ಸರಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರು ಮಾತಾಡುವುದು ಮರಾಠಿ, ಅವಳಿಗೆ ಬರುವುದು ಕನ್ನಡ ಒಂದೇ. ನಡುವೆ ನಾನು. ಕೂಸಿಗೆ ಹನ್ನೊಂದು ದಿನ ಎಂದಾಗ ಡಾಕ್ಟರು, "ಛಾನ್, ವೇಳೇವರ್ ಆಣ್ಲಂತ" ಎಂದರು. ಚೆನ್ನಾಯಿತು, ಸರಿಯಾದ ಹೊತ್ತಿಗೆ ತಂದಿರಿ ಅಂತ. ಅವಳು ನನ್ನ ಕಿವಿಯಲ್ಲಿ, "ಗ್ರಹಣದಾಗ ಹೊರಗ ಹೋಗಿದ್ದಕ್ಕ ಹಿಂಗಾತಂತ ನಮ್ಮತ್ತಿ ಅಂತಾರ್ರಿ, ಕೇಳ್ರಿ" ಎಂದಳು. ಕೇಳಿದೆ. ಡಾಕ್ಟರು ತಲೆಯಾಡಿಸಿದರು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿ ಮಾಡಿದ ಯಾವ ತಪ್ಪಿನಿಂದಲೂ ಇದು ಬರುವುದಿಲ್ಲ ಎಂದರು. ಸುಮಾರು ಸಾವಿರ ಕೂಸುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಎರಡರಷ್ಟು. ಅರ್ಧದಷ್ಟು ಮಕ್ಕಳಿಗೆ ಎರಡೂ ಕಾಲಿಗೆ. ಗರ್ಭದಲ್ಲಿ ಪಾದ ಬೆಳೆಯುವಾಗಲೇ ಆಗುವ ಬದಲಾವಣೆ ಇದು. ಕೆಲವು ಮನೆತನಗಳಲ್ಲಿ ವಂಶದಿಂದಲೂ ಬರುತ್ತದೆ.

ನನಗೆ ಅಷ್ಟಾವಕ್ರನ ಕಥೆ ನೆನಪಾಯಿತು. ಎಂಟು ಕಡೆ ಸೊಟ್ಟಾಗಿ ಹುಟ್ಟಿದ ಆ ಋಷಿಯ ಕಥೆಯಲ್ಲೂ ತಾಯಿ ಸುಜಾತೆಯ ತಪ್ಪೇನಿಲ್ಲ. ಶಾಪ ಕೊಟ್ಟವನು ತಂದೆ ಕಹೋಡ. ಮಹಾಭಾರತದ ಕಾಲದಲ್ಲೇ ಇಷ್ಟು ಹೇಳಿದ್ದರೂ ನಾವು ಹೆತ್ತವಳ ಕಡೆಗೇ ಬೆರಳು ತೋರಿಸುತ್ತಾ ಬಂದಿದ್ದೇವೆ.

ಆಪರೇಶನ್ ಎಂದು ಹೆದರಿ ಹೋದವರಿಗೆ ಡಾಕ್ಟರು ಹೇಳಿದ್ದು ಇಷ್ಟೇ: ವಾರಕ್ಕೊಮ್ಮೆ ಬನ್ನಿ, ಕೈಯಿಂದ ಮೆಲ್ಲಗೆ ತಿದ್ದಿ ಪ್ಲಾಸ್ಟರ್ ಹಾಕುತ್ತೇವೆ, ಐದಾರು ಪ್ಲಾಸ್ಟರಿನಲ್ಲಿ ನೆಟ್ಟಗಾಗುತ್ತದೆ. ಅಷ್ಟು ಸುಲಭವಿದ್ದರೆ ನಮ್ಮತ್ತೆಗೆ ಯಾಕೆ ಆಗಲಿಲ್ಲ? ಈ ಪ್ರಶ್ನೆ ಹಿಡಿದುಕೊಂಡೇ ನಾನು ಓದಲು ಕೂತೆ.

ಮೇಣದ ಹಾಗೆ ತಿದ್ದಿ ಎಂದ ಗ್ರೀಕ

ಈ ಚಿಕಿತ್ಸೆ ಹೊಸದು ಎಂದುಕೊಂಡಿದ್ದೆ. ಕ್ರಿ.ಪೂ. 400ರ ಸುಮಾರಿನ ಗ್ರೀಕ್ ವೈದ್ಯ ಹಿಪೊಕ್ರೇಟಿಸನ ಹೆಸರಿನಲ್ಲಿರುವ, ಕೀಲುಗಳ ಬಗೆಗಿನ ಗ್ರಂಥದಲ್ಲೇ ಇದರ ಸಾರವೆಲ್ಲ ಇದೆ. ಹುಟ್ಟಿದ ಮೇಲೆ ಆದಷ್ಟು ಬೇಗ ಶುರುಮಾಡಬೇಕು. ಮೇಣದಿಂದ ಗೊಂಬೆ ಮಾಡುವವನು ಮೇಣವನ್ನು ಒತ್ತಿ ತಿದ್ದುವ ಹಾಗೆ, ಬಲ ಹಾಕದೆ ಮೆಲ್ಲಗೆ ತಿದ್ದಬೇಕು. ತಿದ್ದಿದ ಪಾದ ಜಾರದಂತೆ ಮೇಣ ರಾಳ ಸವರಿದ ಪಟ್ಟಿ ಸುತ್ತಬೇಕು. ಮತ್ತೆ ಹಿಂದಕ್ಕೆ ತಿರುಗದಂತೆ ಪಾದರಕ್ಷೆ ಹಾಕಬೇಕು. ಬೇಗ, ಮೆಲ್ಲಗೆ, ಪಟ್ಟಿ, ಪಾದರಕ್ಷೆ. ಇವತ್ತು ಪಿಂಪ್ರಿಯ ಆಸ್ಪತ್ರೆಯಲ್ಲಿ ನಡೆಯುವುದೂ ಈ ನಾಲ್ಕೇ.

ಹಾಗಾದರೆ ನಡುವಿನ ಎರಡು ಸಾವಿರಕ್ಕೂ ಹೆಚ್ಚು ವರ್ಷ ಏನಾಯಿತು? ಆ 'ಮೆಲ್ಲಗೆ' ಎಂಬ ಮಾತನ್ನು ಮನುಷ್ಯರು ಮತ್ತೆ ಮತ್ತೆ ಮರೆತರು.

ಚಾಕು, ಗಾರೆ, ಬಲಪ್ರಯೋಗ

ಹತ್ತೊಂಬತ್ತನೇ ಶತಮಾನದಲ್ಲಿ ಎರಡು ಒಳ್ಳೆಯ ಸಂಗತಿಗಳು ನಡೆದವು. ಲಂಡನ್ನಿನ ವಿಲಿಯಂ ಜಾನ್ ಲಿಟ್ಲ್ ಎಂಬ ವೈದ್ಯನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ಪಾದ ಸೊಟ್ಟಾಗಿತ್ತು. ಜರ್ಮನಿಯ ಹ್ಯಾನೋವರಿನಲ್ಲಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯ, ಹಿಮ್ಮಡಿಯ ಹಿಂದಿನ ದಪ್ಪ ನರದಂಥ ಸ್ನಾಯುರಜ್ಜುವನ್ನು ಸೂಜಿಯಷ್ಟು ರಂಧ್ರದಿಂದ ಕತ್ತರಿಸಿ ಪಾದ ಇಳಿಸುತ್ತಾನೆಂದು ಕೇಳಿ 1836ರಲ್ಲಿ ಅಲ್ಲಿಗೆ ಹೋದ. ತನ್ನ ಕಾಲನ್ನೇ ಒಪ್ಪಿಸಿ, ಗುಣಪಡಿಸಿಕೊಂಡು, ಆ ವಿದ್ಯೆಯನ್ನೂ ಕಲಿತು ಬಂದ. ಅವನು ಲಂಡನ್ನಿನಲ್ಲಿ ಶುರುಮಾಡಿದ ಸಂಸ್ಥೆಯೇ ಮುಂದೆ ರಾಯಲ್ ನ್ಯಾಷನಲ್ ಆರ್ಥೊಪೀಡಿಕ್ ಆಸ್ಪತ್ರೆಯಾಗಿ ಬೆಳೆಯಿತು. ಒಬ್ಬ ರೋಗಿಯ ಹಟದಿಂದ ಒಂದು ಆಸ್ಪತ್ರೆ!

ಇನ್ನೊಂದು, ಪ್ಲಾಸ್ಟರ್ ಪಟ್ಟಿ. ಡಚ್ ಸೈನ್ಯದ ವೈದ್ಯ ಮಾಥೈಸನ್ 1851ರ ಸುಮಾರಿಗೆ ಬಟ್ಟೆಯ ಪಟ್ಟಿಗೆ ಜಿಪ್ಸಂ ಪುಡಿ ತಿಕ್ಕಿ, ನೀರಲ್ಲಿ ನೆನೆಸಿ ಸುತ್ತುವುದನ್ನು ರೂಢಿಗೆ ತಂದ. ನಿಮಿಷಗಳಲ್ಲಿ ಗಟ್ಟಿಯಾಗುವ ಈ ಪಟ್ಟಿ ಯುದ್ಧದಲ್ಲಿ ಮುರಿದ ಕೈಕಾಲುಗಳಿಗೆಂದು ಬಂದದ್ದು. ಕೂಸುಗಳ ಪಾದಕ್ಕೂ ವರವಾಯಿತು.

ಆದರೆ ಕೈಗೆ ಸಾಧನ ಬಂದಾಗ ಅವಸರವೂ ಬಂತು. ಪಾದವನ್ನು ಒಂದೇ ಸಲಕ್ಕೆ ನೆಟ್ಟಗೆ ಮಾಡಲು ಕಬ್ಬಿಣದ ಇಕ್ಕಳದಂಥ ಸಾಧನಗಳಿಂದ ಹಿಡಿದು ತಿರುಚುವ ಪದ್ಧತಿ ಹುಟ್ಟಿತು. ಪಾದ ನೆಟ್ಟಗೆ ಕಂಡರೂ ಒಳಗಿನ ಎಳೆ ಮೂಳೆಗಳು ನಜ್ಜುಗುಜ್ಜಾಗುತ್ತಿದ್ದವು. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಜಾರ್ಜಿಯಾದ ಡಾ. ಹೈರಮ್ ಕೈಟ್ ಮತ್ತೆ ಮೃದುವಾದ ಕೈಗೆ, ಒಂದರ ಮೇಲೊಂದು ಪ್ಲಾಸ್ಟರಿಗೆ ಮರಳಿದರು. ಅವರ ತಾಳ್ಮೆ ದೊಡ್ಡದು. ಆದರೆ ಒತ್ತುವ ಜಾಗ ಸರಿಯಿರಲಿಲ್ಲ. ಹಾಗಾಗಿ ಪ್ಲಾಸ್ಟರ್ ಹಾಕುವುದು ಎಷ್ಟೋ ತಿಂಗಳು ಮುಗಿಯುತ್ತಲೇ ಇರಲಿಲ್ಲ. ಅದೇ ವಿಧಾನವನ್ನು ಬೇರೆಯವರು ಮಾಡಿದಾಗ ಫಲವೂ ಸಿಗಲಿಲ್ಲ. 'ಕೈಯಿಂದ ಆಗದು, ಕೊಯ್ಯಲೇಬೇಕು' ಎಂಬ ತೀರ್ಮಾನಕ್ಕೆ ವೈದ್ಯಲೋಕ ಬಂತು. 1970ರ ದಶಕದಿಂದ ದೊಡ್ಡ ಶಸ್ತ್ರಕ್ರಿಯೆಗಳೇ ರೂಢಿಯಾದವು. ಆ ಮಕ್ಕಳು ದೊಡ್ಡವರಾದಾಗ ಪಾದ ಬಿಗಿದು ನೋಯುತ್ತಿತ್ತು.

ಗಡಿಯಾರ ರಿಪೇರಿಯವನ ಮಗ

ಈ ಕಥೆಯ ನಾಯಕ ಇಗ್ನಾಸಿಯೊ ಪೊನ್ಸೆಟಿ. 1914ರ ಜೂನ್ 3ರಂದು ಸ್ಪೇನಿನ ಮಿನೋರ್ಕಾ ದ್ವೀಪದಲ್ಲಿ ಹುಟ್ಟಿದವರು. ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರು. ಪುಟ್ಟ ಪುಟ್ಟ ಚಕ್ರಗಳನ್ನು ಬಿಚ್ಚಿ ಜೋಡಿಸುವ ಆ ಅಂಗಡಿಯಲ್ಲಿ ಹುಡುಗನ ಬೆರಳು ಪಳಗಿದವು. ಬಾರ್ಸಿಲೋನಾದಲ್ಲಿ ವೈದ್ಯಕೀಯ ಓದಿ ಮುಗಿಸುವಷ್ಟರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ. ಸೈನಿಕರ ಮುರಿದ ಮೂಳೆ ಕೂಡಿಸುವ ಕೆಲಸ. 1939ರಲ್ಲಿ ಸೋತ ಪಕ್ಷದವರಾಗಿ ಪಿರಿನೀಸ್ ಪರ್ವತ ದಾಟಿ ಫ್ರಾನ್ಸಿಗೆ, ಅಲ್ಲಿಂದ ಮೆಕ್ಸಿಕೋಗೆ. ಅಲ್ಲಿ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದು 1941ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಸೇರಿದರು.

ಅಲ್ಲಿ ಅವರಿಗೆ ಬಂದ ಕೆಲಸ, ಹಿಂದೆ ಶಸ್ತ್ರಕ್ರಿಯೆಯಾಗಿದ್ದ ಸೊಟ್ಟ ಪಾದಗಳು ಈಗ ಹೇಗಿವೆ ಎಂದು ನೋಡುವುದು. ನೋಡಿದರೆ ಬಿಗಿ, ನೋವು, ಸೋತ ಪಾದಗಳು. ಆಗ ಅವರು ಪಾದದ ರಚನೆಯನ್ನೇ ಮತ್ತೆ ಅಭ್ಯಾಸ ಮಾಡಿದರು. ಕೂಸಿನ ಪಾದದಲ್ಲಿ ಮೂಳೆಯಿಂದ ಮೂಳೆಗೆ ಕಟ್ಟಿರುವ ನಾರುಗಳು ಅಲೆಅಲೆಯಾಗಿದ್ದು, ಮೆಲ್ಲಗೆ ಎಳೆದು ವಾರಗಟ್ಟಲೆ ಹಿಡಿದಿಟ್ಟರೆ ಉದ್ದವಾಗುತ್ತವೆ ಎಂದು ಕಂಡುಕೊಂಡರು. ಕೊಯ್ಯುವ ಅಗತ್ಯವೇ ಇಲ್ಲ.

ಎಲ್ಲಿ ಒತ್ತಬೇಕು ಎಂಬುದೇ ಗುಟ್ಟು. ಬಾಗಿಲಿನ ಉಪಮೆ ಕೊಟ್ಟರೆ ನಮಗೆ ಬೇಗ ತಿಳಿದೀತು. ಬಾಗಿಲು ತೆರೆಯಬೇಕಾದರೆ ಚೌಕಟ್ಟು ಅಲ್ಲಾಡಬಾರದು, ಬಾಗಿಲಿಗೆ ಅಡ್ಡ ಕಲ್ಲೂ ಇರಬಾರದು. ಪಾದದ ಗಿಣ್ಣಿನಲ್ಲಿ ಟ್ಯಾಲಸ್ ಎಂಬ ಮೂಳೆಯಿದೆ. ಅದು ಚೌಕಟ್ಟು. ಅದರ ಸುತ್ತ ಉಳಿದ ಪಾದ, ಹಿಮ್ಮಡಿಯೂ ಸೇರಿ, ಬಾಗಿಲಿನಂತೆ ತಿರುಗುತ್ತದೆ. ಕೈಟ್ ಅವರ ಹೆಬ್ಬೆರಳು ಪಾದದ ಹೊರ ಅಂಚಿನ ನಡುವೆ ಒತ್ತುತ್ತಿತ್ತು. ಅದು ಬಾಗಿಲಿಗೇ ಕಲ್ಲು ಇಟ್ಟಂತೆ. ಹಿಮ್ಮಡಿ ತಿರುಗಲು ಜಾಗವಿಲ್ಲ. ಪೊನ್ಸೆಟಿ ಹೆಬ್ಬೆರಳನ್ನು ಟ್ಯಾಲಸ್ ಮೂಳೆಯ ತಲೆಯ ಮೇಲಿಟ್ಟರು. ಚೌಕಟ್ಟು ನಿಂತಿತು, ಬಾಗಿಲು ತೆರೆಯಿತು. ಹೆಬ್ಬೆರಳು ಒಂದು ಅಂಗುಲದಷ್ಟೂ ಸರಿದಿರಲಿಲ್ಲ. ಅಷ್ಟಕ್ಕೇ ತಿಂಗಳುಗಳ ಕೆಲಸ ವಾರಗಳಿಗೆ ಇಳಿಯಿತು.

ಆ ಕ್ರಮ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಐದರಿಂದ ಏಳು ದಿನಕ್ಕೊಮ್ಮೆ ಹಳೆಯ ಪ್ಲಾಸ್ಟರ್ ತೆಗೆದು, ಒಂದೆರಡು ನಿಮಿಷ ಪಾದವನ್ನು ಮೆಲ್ಲಗೆ ಹೊರಕ್ಕೆ ತಿದ್ದಿ, ಕಾಲ್ಬೆರಳಿಂದ ತೊಡೆಸಂದಿನವರೆಗೆ, ಮೊಣಕಾಲು ಮಡಚಿಸಿ ಹೊಸದು ಹಾಕುತ್ತಾರೆ. ಐದಾರು ಸಲಕ್ಕೆ ಪಾದ ಹೊರಮುಖವಾಗುತ್ತದೆ. ಕೊನೆಗೆ ಹಿಮ್ಮಡಿ ಇನ್ನೂ ಮೇಲೇ ಇದ್ದರೆ, ಹೆಚ್ಚಿನ ಮಕ್ಕಳಲ್ಲಿ ಇರುತ್ತದೆ, ಜಾಗ ಮರಗಟ್ಟಿಸಿ ಆ ಸ್ನಾಯುರಜ್ಜುವನ್ನು ಸಣ್ಣ ರಂಧ್ರದಿಂದ ಕತ್ತರಿಸುತ್ತಾರೆ. ಸ್ಟ್ರೋಮೇಯರನ ವಿದ್ಯೆ ಇಲ್ಲಿ ಬಂದು ಕೂಡಿಕೊಂಡಿತು ನೋಡಿ. ಮೂರು ವಾರ ಕೊನೆಯ ಪ್ಲಾಸ್ಟರಿನಲ್ಲಿ ಅದು ತಾನೇ ಕೂಡಿ ಬೆಳೆಯುತ್ತದೆ.

ಮದ್ದು ಇತ್ತು, ಸುದ್ದಿ ಇರಲಿಲ್ಲ

ಪೊನ್ಸೆಟಿ ಈ ವಿಧಾನವನ್ನು ರೂಪಿಸಿದ್ದು 1940ರ ದಶಕದ ಕೊನೆಯಲ್ಲಿ. ಅಂದರೆ ನಮ್ಮತ್ತೆ ಹುಟ್ಟಿದ ಹೊತ್ತಿನಲ್ಲೇ! ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತುಬಿಟ್ಟೆ. ಬೇಕಾದದ್ದು ಹತ್ತಿ, ಪ್ಲಾಸ್ಟರ್ ಪಟ್ಟಿ, ಒಂದು ಬಕೆಟ್ ನೀರು, ತಿಳಿದ ಎರಡು ಕೈ. ಬಡವರ ಮನೆಗೆ ಎಟುಕದ್ದು ಏನೂ ಇರಲಿಲ್ಲ. ಎಟುಕದೆ ಹೋದದ್ದು ಸುದ್ದಿ.

ಸುದ್ದಿ ನಮ್ಮ ಹಳ್ಳಿಗೆ ಇರಲಿ, ಅಮೆರಿಕದಲ್ಲೇ ಹರಡಲಿಲ್ಲ. 1963ರಲ್ಲಿ ಅವರು ಪ್ರಕಟಿಸಿದ ಲೇಖನವನ್ನು ಹೆಚ್ಚಿನ ವೈದ್ಯರು ಗಮನಿಸಲಿಲ್ಲ. 1995ರಲ್ಲಿ ಅಯೋವಾದ ಕೂಪರ್ ಮತ್ತು ಡೀಟ್ಸ್, ಮೂವತ್ತು ವರ್ಷದ ಹಿಂದೆ ಅಲ್ಲಿ ಚಿಕಿತ್ಸೆ ಪಡೆದವರನ್ನು ಕರೆಸಿ ನೋಡಿದರು. ನೂರಕ್ಕೆ 78 ಜನರ ಫಲಿತಾಂಶ ಉತ್ತಮ ಅಥವಾ ಅತ್ಯುತ್ತಮ. ಹುಟ್ಟಾ ಸರಿಯಾದ ಪಾದವಿದ್ದವರಲ್ಲಿ ಆ ಲೆಕ್ಕ 85. ಮರುವರ್ಷ ಪೊನ್ಸೆಟಿ ತಮ್ಮ ಪುಸ್ತಕ ತಂದರು, ತಮ್ಮ 82ನೇ ವಯಸ್ಸಿನಲ್ಲಿ.

ಆದರೂ ಬಾಗಿಲು ಪೂರ್ತಿ ತೆರೆದವರು ವೈದ್ಯರಲ್ಲ, ತಂದೆತಾಯಿಗಳು. 1990ರ ದಶಕದ ಕೊನೆಗೆ ಇಂಟರ್‌ನೆಟ್ ಬಂದಾಗ, ಮಗುವಿಗೆ ದೊಡ್ಡ ಶಸ್ತ್ರಕ್ರಿಯೆ ಎಂದು ಕೇಳಿ ನಿದ್ದೆಗೆಟ್ಟ ತಾಯಂದಿರು ಹುಡುಕಿ ಹುಡುಕಿ ಅಯೋವಾದ ಮುದುಕ ಡಾಕ್ಟರನ್ನು ಕಂಡುಹಿಡಿದರು. ತಮ್ಮ ಮಕ್ಕಳ ಮೊದಲಿನ ಮತ್ತು ಆಮೇಲಿನ ಪಾದಗಳ ಚಿತ್ರಗಳನ್ನು ಒಬ್ಬರಿಗೊಬ್ಬರು ಕಳಿಸಿದರು. ತಮ್ಮ ಊರಿನ ಡಾಕ್ಟರಿಗೆ, "ಇದನ್ನು ಕಲಿತು ಬನ್ನಿ" ಎಂದರು. ನಾವು ವಾಟ್ಸಾಪಿನಲ್ಲಿ ರಂಗೋಲಿ ಹಂಚುವ ಹಾಗೆ ಅವರು ಒಂದು ಚಿಕಿತ್ಸೆಯನ್ನೇ ಹಂಚಿದರು.

ಮುಂದೆ ಉಗಾಂಡದಲ್ಲಿ ನಾರ್ಗ್ರೋವ್ ಪೆನಿ ಮತ್ತು ಶಫೀಕ್ ಪಿರಾನಿ ಎಂಬ ವೈದ್ಯರು ಇನ್ನೊಂದು ಹೆಜ್ಜೆ ಇಟ್ಟರು. ಅಲ್ಲಿ ಮೂಳೆತಜ್ಞರು ಬೆರಳೆಣಿಕೆಯಷ್ಟು. ಹಾಗಾಗಿ ಡಾಕ್ಟರಲ್ಲದ ಆರೋಗ್ಯ ಸಿಬ್ಬಂದಿಗೇ ಈ ಕೈಕೆಲಸ ಕಲಿಸಿದರು, ಅವರೂ ಚೆನ್ನಾಗಿ ಮಾಡಿದರು. ನಮ್ಮ ದೇಶದಲ್ಲಿ 2009ರಿಂದ ಸ್ವಯಂಸೇವಾ ಸಂಸ್ಥೆಯೊಂದು ಸರಕಾರಿ ಆಸ್ಪತ್ರೆಗಳ ಜೊತೆಗೂಡಿ ಉಚಿತ ಕ್ಲಿನಿಕ್ಕುಗಳನ್ನು ಶುರುಮಾಡಿತು. 2013ರ ಫೆಬ್ರವರಿಯಲ್ಲಿ ನಮ್ಮ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಹುಟ್ಟಿದ ಕೂಸಿನಲ್ಲಿ ಹುಡುಕಲೇಬೇಕಾದ ದೋಷಗಳ ಪಟ್ಟಿಗೆ ಸೊಟ್ಟ ಪಾದವೂ ಸೇರಿತು. ಪೊನ್ಸೆಟಿ 2009ರ ಅಕ್ಟೋಬರಿನಲ್ಲಿ ತೀರಿಕೊಂಡರು, 95 ವರ್ಷ. ಅವರ ಹುಟ್ಟುಹಬ್ಬ ಜೂನ್ 3 ಈಗ ವಿಶ್ವ ಸೊಟ್ಟ ಪಾದ ದಿನ.

ಬೂಟಿನ ನಾಲ್ಕು ವರ್ಷ

ನಮ್ಮ ಕೂಸಿನ ಪ್ಲಾಸ್ಟರುಗಳಿಗೆ ನಾನು ಪ್ರತಿ ವಾರ ಹೋದೆ. ಡಾಕ್ಟರು ತಿದ್ದುವಾಗ ತಾಯಿ ಹಾಲು ಕುಡಿಸುತ್ತಾ ಕೂತಿರುತ್ತಿದ್ದಳು. ಕೂಸು ಅಳುತ್ತಲೂ ಇರಲಿಲ್ಲ. ಒದ್ದೆ ಪಟ್ಟಿ ಗಟ್ಟಿಯಾಗುವಾಗ ಬಿಸಿಯಾಗುವುದನ್ನು ಕೈಯಿಟ್ಟು ನೋಡಿ ಅವಳು ನಗುತ್ತಿದ್ದಳು. ಆರನೆಯ ಪ್ಲಾಸ್ಟರ್ ಬಿಚ್ಚಿದ ದಿನ ಎರಡೂ ಅಂಗಾಲುಗಳಿಗೆ ಹಣೆ ಹಚ್ಚಿ ಅತ್ತಳು.

ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡದ್ದು ನಮ್ಮ ತಪ್ಪು. ಆಮೇಲೆ ಹೊರಮುಖವಾದ ಎರಡು ಬೂಟುಗಳನ್ನು ಒಂದು ಪಟ್ಟಿಗೆ ಜೋಡಿಸಿದ ಬ್ರೇಸ್ ಹಾಕಬೇಕು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗಲೆಲ್ಲ. ಪಾದ ವೇಗವಾಗಿ ಬೆಳೆಯುವ ಆ ವರ್ಷಗಳಲ್ಲಿ ಅದು ತನ್ನ ಹಳೆಯ ದಾರಿ ಹಿಡಿಯಲು ನೋಡುತ್ತಲೇ ಇರುತ್ತದೆ.

2018ರ ಸಂಕ್ರಾಂತಿಗೆ ಅವರು ಊರಿಗೆ ಹೋದರು. "ನೆಟ್ಟಗಾಗೇದಲ್ಲ, ಕೂಸಿಗ್ಯಾಕ ಬೇಡಿ ಹಾಕೀರಿ?" ಎಂದು ಅತ್ತೆ ಬೂಟು ಬಿಚ್ಚಿ ಅಟ್ಟಕ್ಕೆ ಹಾಕಿದರಂತೆ. ಪ್ರೀತಿಯಿಂದಲೇ ಮಾಡಿದ್ದು. ಒಂದೂವರೆ ತಿಂಗಳು ಕಳೆದು ಬಂದಾಗ ಎಡಪಾದ ಮತ್ತೆ ಒಳಕ್ಕೆ ತಿರುಗಿತ್ತು. ಅವಳ ಗಂಡ ಅವಳನ್ನೇ ಬೈದ. ಆಗ ನಾನು ಅವನನ್ನು ಕೂರಿಸಿಕೊಂಡು ಹೇಳಿದೆ, "ತಮ್ಮಾ, ಬೂಟು ಕಟ್ಟೋದು ತಾಯಿ ಒಬ್ಬಾಕಿ ಕೆಲಸ ಅಂತ ಯಾವ ಡಾಕ್ಟರೂ ಹೇಳಿಲ್ಲ. ಇವತ್ತಿನಿಂದ ರಾತ್ರಿ ನೀನು ಕಟ್ಟು." ಮತ್ತೆ ಮೂರು ಪ್ಲಾಸ್ಟರ್ ಬೇಕಾದವು. ಈ ಸಲ ಅವನೂ ಒಂದು ದಿನದ ಪಗಾರ ಬಿಟ್ಟು ಬಂದ. ಆಮೇಲೆ ರಾತ್ರಿ ಬೂಟು ಕಟ್ಟುವುದು ಅವನ ಕೆಲಸವಾಯಿತು. ಲಾಕ್‌ಡೌನಿನಲ್ಲಿ ಊರಿಗೆ ಹೋಗುವಾಗ ಬುತ್ತಿಗಿಂತ ಮೊದಲು ಬೂಟು ಗಂಟು ಕಟ್ಟಿದ್ದ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವಲ್ಲ, ಈ ಚಿಕಿತ್ಸೆಗೆ ಆ ಗಾದೆ ಹೇಳಿ ಮಾಡಿಸಿದಂತಿದೆ. ಆದ್ದರಿಂದ ಗೆಳತಿಯರೇ, ನಿಮ್ಮ ಮನೆಕೆಲಸದವರು, ವಾಚ್‌ಮನ್, ಹತ್ತಿರದ ಕಟ್ಟಡದವರು ಯಾರದೇ ಮನೆಯಲ್ಲಿ ಇಂಥ ಕೂಸು ಹುಟ್ಟಿದರೆ ಇಷ್ಟು ನೆನಪಿಡಿ. ಮೊದಲ ವಾರಗಳಲ್ಲೇ ಮಕ್ಕಳ ಮೂಳೆತಜ್ಞರ ಹತ್ತಿರ ಕಳಿಸಿ. ತಡವಾಗಿದ್ದರೂ ಕೈಬಿಡಬೇಡಿ, ನಡೆಯುವ ವಯಸ್ಸಿನ ಮಕ್ಕಳಲ್ಲೂ ಇದು ಫಲ ಕೊಟ್ಟಿದೆ. ಎಣ್ಣೆ ನೀವುವ ಹೆಸರಿನಲ್ಲಿ ಪಾದ ತಿರುಚಲು ಬಿಡಬೇಡಿ. ಪ್ಲಾಸ್ಟರಿನಲ್ಲಿ ಬೆರಳು ನೀಲಿಯಾದರೆ, ಬಾತರೆ, ಒಳಕ್ಕೆ ಸರಿದು ಕಾಣದಾದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಬೂಟನ್ನು ಯಾರು ಹೇಳಿದರೂ ಬಿಚ್ಚಬೇಡಿ. ಭಾಷೆ ಬಾರದವರಾದರೆ ಜೊತೆಗೆ ನೀವೇ ಹೋಗಿ. ಎರಡು ಭಾಷೆ ಬಲ್ಲ ನಮ್ಮಂಥವರು ಈ ಊರಿನಲ್ಲಿ ಮಾಡಬಹುದಾದ ಸೇವೆ ಅದು.

ನಮ್ಮತ್ತೆ ಹತ್ತು ವರ್ಷದ ಹಿಂದೆ ತೀರಿಕೊಂಡರು. ಈ ಕೂಸನ್ನು ಅವರಿಗೆ ತೋರಿಸಲಾಗಲಿಲ್ಲ. ಕಳೆದ ದಸರೆಯಲ್ಲಿ ಆ ಸಂಸಾರ ಬನ್ನಿ ಕೊಡಲು ಮನೆಗೆ ಬಂದಿತ್ತು. ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಬಾಗಿಲಲ್ಲೇ ಚಪ್ಪಲಿ ಕಳಚಿ ಒಳಗೆ ಓಡಿದ. ಎಲ್ಲರೂ ಕೂತು ಮಾತಾಡುತ್ತಿದ್ದಾಗ ನಾನು ಹೊರಗೆ ಬಂದು ಆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಎರಡೂ ಒಂದೇ ಆಕಾರದಲ್ಲಿದ್ದವು, ಹಿಮ್ಮಡಿಯ ಕಡೆ ಸಮನಾಗಿ ಸವೆದಿದ್ದವು. ಒಳಗೆ ಬಂದು ಡಬ್ಬಿಯಿಂದ ಒಂದು ಅಂಟಿನ ಉಂಡಿ ತೆಗೆದು ಅವನ ಕೈಗಿಟ್ಟೆ.